ಓದದೆ ಬಿಟ್ಟ ಸಾಲು

ಚಂದ್ರಕ್ಕನ ಮೊದಲ ಬಸಿರು ಐದು ತಿಂಗಳಿಗೇ ಹೋಯಿತು. ತುರುವನೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಹೀಗಾದರೆ ತಪ್ಪು ಯಾರದೆಂದು ಯಾರೂ ಕೇಳುವುದಿಲ್ಲ. ಸೊಸೆಯದೇ.

"ಎಂಥ ಹೊಟ್ಟೆ ತಂದ್ಲಪ್ಪ ತವರಿಂದ! ಒಂದು ಪಿಂಡ ನಿಲ್ಲಂಗಿಲ್ಲ" ಎಂದು ಅತ್ತೆ ಓಬವ್ವ ಒಳಗಿದ್ದವಳಿಗೆ ಕೇಳಲೆಂದೇ ಜಗಲಿಯ ಮೇಲೆ ಕೂತು ಅನ್ನುತ್ತಿದ್ದಳು. ಚಂದ್ರಕ್ಕನಿಗೆ ಆಗ ಹತ್ತೊಂಬತ್ತು. ಗಂಡ ಮುದ್ದಣ್ಣನಿಗೆ ಇಪ್ಪತ್ತೆರಡು. ಅವನಿಗೆ ಚಿತ್ರದುರ್ಗದ ಹತ್ತಿ ಮಿಲ್ಲಿನಲ್ಲಿ ಕೆಲಸ. ಶನಿವಾರದ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ.

ಮತ್ತೆ ಬಸಿರಾದಾಗ ನರ್ಸಮ್ಮ ತಾಜ್ ಬೀ ಅವಳ ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವರಿಗೆ ಬೇರೆ ಊರಿನಲ್ಲಿ ಹೆರಿಗೆ ಮಾಡಿಸುವುದಿತ್ತು. ಹಾಗಾಗಿ ಚೀಟಿ ಬರೆದು ಆಸ್ಪತ್ರೆಯ ಆಯಾಳ ಕೈಯಲ್ಲಿ ಕಳಿಸಿದರು. ಓಬವ್ವ ಅದನ್ನು ಓದಿಸಲು ಪಕ್ಕದ ನಮ್ಮ ಮನೆಗೆ ತಂದಳು. ಜಗಲಿಯ ಮೇಲೆ ಅಪ್ಪನೂ ದುರುಗಣ್ಣ ಮಾವನೂ ಎಲೆ ಅಡಿಕೆ ಹಾಕುತ್ತ ಕೂತಿದ್ದರು.

"ಓದವ್ವ. ಬೀಯೆಸ್ಸಿ ಮಾಡಿದೋಳು ನೀನು" ಎಂದಳು ನನಗೆ.

ಮೊದಲ ಸಾಲು: ಗುರುವಾರ ಚಂದ್ರಕ್ಕ ಇಂಜೆಕ್ಷನ್ನಿಗೆ ಬರಬೇಕು. ಎರಡನೆಯ ಸಾಲು: ರಕ್ತದಲ್ಲಿ ಸಿಫಿಲಿಸ್ ಎಂಬ ಗುಪ್ತರೋಗ ಇದೆ, ಗಂಡನಿಗೂ ಇಂಜೆಕ್ಷನ್ ಆಗಬೇಕು, ವಾಸಿಯಾಗುವವರೆಗೆ ಇಬ್ಬರೂ ಕೂಡಬಾರದು.

ನಾನು ಮೊದಲ ಸಾಲನ್ನು ಓದಿದೆ.

"ಅಷ್ಟೇನಾ? ಇಷ್ಟುದ್ದ ಬರ್ದವ್ರೆ?"

"ಅಷ್ಟೇ ದೊಡ್ಡಮ್ಮ."

ಕಾಲೇಜಿನಲ್ಲಿ ಗುಪ್ತರೋಗಗಳ ಪಾಠ ಬಂದಾಗ ಮೇಷ್ಟ್ರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಎಂಟು ಪುಟ ಮಗುಚಿದ್ದರು. ನಾನು ಬಾಗಿಲು ಹಾಕಿಕೊಂಡು ಓದಿದ್ದೆ. ಆದ್ದರಿಂದ ಎಲ್ಲ ಗೊತ್ತಿತ್ತು.

ಓಬವ್ವ ಚೀಟಿಯನ್ನು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಕೆಳಗಿಟ್ಟಳು. ಗುರುವಾರ ಸೊಸೆಯನ್ನು ಕರೆದುಕೊಂಡು ಹೋದಳು.

"ಚೀಟಿ ಓದಿಸಿದ್ರಾ?" ಎಂದರಂತೆ ನರ್ಸಮ್ಮ.

"ಓದಿಸ್ದೆ ಕಣವ್ವ, ಎಲ್ಲಾ ಗೊತ್ತೈತೆ."

ಚಂದ್ರಕ್ಕನಿಗೆ ಇಂಜೆಕ್ಷನ್ ಆಯಿತು. ಮುದ್ದಣ್ಣ ಶನಿವಾರ ಶನಿವಾರ ಬರುತ್ತಲೇ ಇದ್ದ. ಎಂಟನೆಯ ತಿಂಗಳಲ್ಲಿ ಮಗು ಹುಟ್ಟಿತು. ಗಂಡು. ಅಳಲಿಲ್ಲ, ಉಸಿರೂ ಇರಲಿಲ್ಲ.

ಮಾರನೆಯ ದಿನ ನರ್ಸಮ್ಮ ಬಂದವರೇ ಬಾಗಿಲು ಹಾಕಿದರು. ಒಳಗೆ ಮನೆಯ ಮೂವರು ಮತ್ತು ನಾನು. ಮಡಿಕೆಯಲ್ಲಿ ಬಿಸಿನೀರು ತಂದಿದ್ದೆ.

"ಮುದ್ದಣ್ಣ ದುರ್ಗದಾಗೇ ಸೂಜಿ ಹಾಕಿಸ್ಕಂಡಿರ್ತಾನೆ ಅಂತಿದ್ದೆ. ಇವ್ನನ್ನ ಯಾಕೆ ಕಳಿಸ್ಲಿಲ್ಲ ಓಬವ್ವ?"

"ನನ್ ಮಗಂಗೇನಾಗೈತೆ? ಗುಂಡುಕಲ್ಲು ಇದ್ದಂಗವ್ನೆ! ಹೆಣ್ಣಿನ ಕಾಯಿಲೆಗೆ ಗಂಡಸಿಗ್ಯಾಕೆ ಸೂಜಿ?"

"ಹೆಣ್ಣಿನ ಕಾಯಿಲೆ ಅಂತ ಯಾರು ಹೇಳಿದ್ರು ನಿಮಗೆ? ಮುದ್ದಣ್ಣ, ನೀನೇ ಹೇಳಪ್ಪ. ಮದುವೆಗೆ ಮುಂಚೆ ಕೆಳಗೆ ಹುಣ್ಣಾಗಿತ್ತಾ?"

ಅವನು ನೆಲ ನೋಡಿದ. "ಒಂದಾಗಿತ್ತು. ನೋವಿರ್ಲಿಲ್ಲ. ಮಿಲ್ಲಿನ ಹುಡುಗ್ರು ಹೀಟು ಕಣಲೇ, ಎಳನೀರು ಕುಡಿ ಅಂದ್ರು. ಕುಡ್ದೆ. ಮಾಯ್ತು."

"ಹುಣ್ಣು ಮಾಯ್ತದೆ, ರೋಗ ಮಾಯಲ್ಲ. ರಕ್ತದಾಗೆ ಕುಂತಿರ್ತದೆ. ಇವ್ಳಿಗೊಬ್ಳಿಗೆ ಸೂಜಿ ಹಾಕಿದ್ರೆ ನೀನು ಬಂದು ಮತ್ತೆ ಕೊಡ್ತೀಯ. ಹೊಟ್ಟೇಲಿರೋ ಕೂಸನ್ನ ತಿನ್ನೋದು ಅದೇ ರೋಗ. ಚೀಟೀಲಿ ಬರ್ದಿದ್ನಲ್ಲ!"

ಓಬವ್ವ ಗೂಡಿನಿಂದ ಚೀಟಿ ತೆಗೆದಳು. ಕುಂಕುಮ ಹತ್ತಿತ್ತು. ನರ್ಸಮ್ಮ ಎರಡು ಸಾಲನ್ನೂ ಓದಿದರು. ಎಲ್ಲರೂ ನನ್ನನ್ನು ನೋಡಿದರು.

"ಅವತ್ತೇ ಹೇಳಿದ್ರೆ ಇವ್ನ ಕತ್ತು ಹಿಡ್ದು ದಬ್ಕಂಡು ಹೋಗ್ತಿದ್ನಲ್ಲೇ ತಾಯಿ!" ಎಂದಳು ಓಬವ್ವ.

ಚಂದ್ರಕ್ಕ ಒಂದೇ ಮಾತು ಕೇಳಿದಳು. "ನಿಂಗೆ ಗೊತ್ತಿತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಜೊತೆ ಅವಳು ಇವತ್ತಿಗೂ ಮಾತಾಡುವುದಿಲ್ಲ.

ಸೋಮವಾರದ ಬಸ್ಸಿಗೆ ಓಬವ್ವ ಮಗನನ್ನು ದೊಡ್ಡಾಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು. ಚಂದ್ರಕ್ಕನಿಗೂ ಮತ್ತೆ ಇಂಜೆಕ್ಷನ್ ಆಯಿತು. ಈಗ ಇಬ್ಬರ ರಕ್ತವೂ ಶುದ್ಧ ಎಂದು ಬಂದಿದೆ. ಓಬವ್ವ ಜಗಲಿಯ ಮೇಲೆ ಕೂತು ಸೊಸೆಯನ್ನು ಅನ್ನುವುದನ್ನು ಬಿಟ್ಟಿದ್ದಾಳೆ.

ಅಕ್ಕ ತಂಗಿಯರೇ, ನಮ್ಮೂರಿನ ಗೋಡೆಯ ಮೇಲೆ ಸರ್ಕಾರದವರು ಕೆಂಪು ತ್ರಿಕೋನ ಬರೆಸಿದ್ದಾರೆ. ಎರಡು ಮಕ್ಕಳು ಸಾಕು ಎನ್ನುತ್ತದೆ ಅದು. ಇರುವ ಬಸಿರು ಯಾಕೆ ಉಳಿಯುತ್ತಿಲ್ಲ ಎಂದು ಹೇಳುವ ಗೋಡೆ ಒಂದೂ ಇಲ್ಲ. ಹಾಗಾಗಿ ನಾವೇ ಹೇಳಬೇಕು. ಬಸಿರಾದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ರೋಗ ಕಂಡರೆ ಗಂಡ ಹೆಂಡತಿ ಇಬ್ಬರೂ ಇಂಜೆಕ್ಷನ್ ಮುಗಿಸಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಕಾಸಿಲ್ಲ, ಹೆಸರೂ ಹೊರಗೆ ಬರುವುದಿಲ್ಲ. ಮದುವೆಯ ವಯಸ್ಸಿಗೆ ಬಂದ ಹುಡುಗರಿಗೆ ಈ ವಿಷಯ ಮಿಲ್ಲಿನ ಗೆಳೆಯರಿಂದಲ್ಲ, ಮನೆಯವರಿಂದ, ಶಾಲೆಯಿಂದ ತಿಳಿಯಲಿ. ಮೇಷ್ಟ್ರೇ, ಆ ಎಂಟು ಪುಟ ಮಗುಚಬೇಡಿ.

ಓದು ಬಲ್ಲ ಹುಡುಗಿಯರೇ, ಇಂಥ ಚೀಟಿ ನಿಮ್ಮ ಕೈಗೂ ಬಂದೀತು. ಜಗಲಿಯ ಮೇಲೆ ನಾಚಿಕೆಯಾದರೆ ತಂದವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಕಿವಿಯಲ್ಲಿ ಓದಿ. ನಮ್ಮ ಮನೆಯಲ್ಲೂ ಅಡುಗೆಮನೆ ಇತ್ತು, ಹತ್ತು ಹೆಜ್ಜೆಯಲ್ಲಿ.