ಹೆಸರು ಸಿಗದವರ ಡಬ್ಬಿ

“ಹಿಂದಕ್ ಸರಿ ಅಂದ್ರ ತಿಳ್ಯೂದಿಲ್ಲೇನ ರಂಡೆ? ಕೆಂಪ್ ಬಂದೈತಿ. ಒಳಗ ಬಿಡಾಕ ಬರೂದಿಲ್ಲ.”

ಚಂದಪ್ಪ ಲಾಠಿಯ ತುದಿಯಿಂದ ಭಾಗವ್ವನ ಕೊಡವನ್ನು ನೂಕಿದ. ನೀರು ತುಳುಕಿ ಅವಳ ಸೀರೆಯೆಲ್ಲ ತೊಯ್ದಿತು. ಈ ಚಂದಪ್ಪ ನಮ್ಮವನೇ, ಬಾಗಲಕೋಟೆ ಕಡೆಯವನು. ಹೋದ ವರ್ಷದವರೆಗೆ ನಮ್ಮ ಜೊತೆ ಸಿಮೆಂಟಿನ ಬುಟ್ಟಿ ಹೊತ್ತವನು. ತಲೆಯ ಮೇಲೆ ವಾಚ್‌ಮನ್ ಟೊಪ್ಪಿಗೆ ಕೂತದ್ದೇ ತಡ, ಅವನ ಬಾಯಲ್ಲೂ ನಾವು ಘಾಂಟಿಗಳಾದೆವು. ಘಟ್ಟ ಇಳಿದು ದುಡಿಯಲು ಬಂದವರನ್ನು ಗೋವಾದವರು ಬೈಯುವ ಮಾತು ಅದು.

ಕಲಂಗುಟ್ಟಿನ ಆ ರೆಸಾರ್ಟಿನ ಅರ್ಧ ಭಾಗದಲ್ಲಿ ಗಿರಾಕಿಗಳು ಈಜುತ್ತಿದ್ದರು. ಇನ್ನರ್ಧ ಭಾಗವನ್ನು ನಾವು ಕಟ್ಟುತ್ತಿದ್ದೆವು. ಅವರಿಗೆ ಸಮುದ್ರದ ಕಡೆಯ ಮುಂದಿನ ಗೇಟು, ನಮಗೆ ಗಟಾರದ ಕಡೆಯ ಹಿಂದಿನ ಗೇಟು. ನಮ್ಮ ತಗಡಿನ ಶೆಡ್ಡುಗಳು ಕಾಂಪೌಂಡಿನ ಒಳಗೇ ಇದ್ದರೂ ನೀರಿಗೆ, ಬಯಲಿಗೆ ಹೊರಗೆ ಬರಬೇಕು. ಒಳಗಿನ ನೀರು ಈಜುವವರಿಗೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಎರಡೂ ಗೇಟಿಗೆ ಕಂಪ್ಯೂಟರ್ ತಂದಿಟ್ಟರು. ಹೆಸರು ಒತ್ತಿದರೆ ಚೀಟಿ ಬರುತ್ತದೆ, ಚೀಟಿ ಇದ್ದವರು ಒಳಗೆ. ಅಡುಗೆಯವರಿಗೆ ‘ಸ್ಟಾಫ್’ ಎಂದು ಬರುತ್ತಿತ್ತು, ರೂಮು ಹಿಡಿದವರಿಗೆ ‘ಗೆಸ್ಟ್’ ಎಂದು. ನಮ್ಮಲ್ಲಿ ಯಾರ ಹೆಸರು ಒತ್ತಿದರೂ ಬರುತ್ತಿದ್ದದ್ದು ಒಂದೇ: ‘ಘಾಂಟಿ’. ಏಳನೆಯ ಇಯತ್ತೆಯವರೆಗೆ ಓದಿದ ನಾನು ಮೊದಲ ದಿನ ಅದನ್ನು ಓದಿ ಹೇಳಿದಾಗ ಮುದುಕಿ ಮಂಗಿಬಾಯಿ ಪಿಚಕ್ಕನೆ ಉಗುಳಿದಳು.

“ಇಷ್ಟ ದಿನಾ ಬಾಯಿಲೆ ಅಂತಿದ್ರು, ಈಗ ಛಾಪಸಿ ಕೊಡಾಕತ್ಯಾರ ನೋಡ, ಭಾಡ್ಯಾಗೋಳು.”

ಈಗ ಆ ಚೀಟಿಗೂ ಬರ ಬಂದಿತ್ತು. ಹಿಂದಿನ ದಿನ ಸೂಪರ್‌ವೈಸರ್ ನಮ್ಮ ಜೊತೆ ದುಡಿಯುವ ಖೇಮಪ್ಪನ ಕಪಾಳಕ್ಕೆ ಬಾರಿಸಿದ್ದ. ಖೇಮಪ್ಪ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದ. ಮ್ಯಾನೇಜರ್ ಕುಂಕಳೇಕರ ಓಡಿಬಂದು ಖೇಮಪ್ಪನನ್ನು ಹೊರಗೆ ದಬ್ಬಿಸಿ, ಅವನ ಹೆಸರಿಗೆ ‘ಪ್ರವೇಶ ಇಲ್ಲ’ ಎಂದು ಚಂದಪ್ಪನಿಂದಲೇ ಕಂಪ್ಯೂಟರಿನಲ್ಲಿ ಹಾಕಿಸಿದ. ಬೆಳಗಾದಾಗ ಖೇಮಪ್ಪನೊಬ್ಬನಿಗಲ್ಲ, ನೀರಿಗೆಂದು ಹೊರಗೆ ಬಂದ ನಮಗೆಲ್ಲರಿಗೂ ‘ಪ್ರವೇಶ ಇಲ್ಲ’ ಎಂಬ ಕೆಂಪು ಅಕ್ಷರ ಬಂದಿತ್ತು.

“ಕಾಲರ್ ಹಿಡದಾಂವ ಖೇಮಪ್ಪ. ನಾ ಯಾರದ ಹಿಡದೇನೋ?” ಭಾಗವ್ವ ಕೇಳಿದಳು. “ಕೂಸ ಒಳಗೈತಿ. ಮಂಗಿಬಾಯಿ ಕಡೆ ಬಿಟ್ಟ ಬಂದೇನಿ. ಹಾಲ ಕುಡಿಯೂ ಹೊತ್ತಾತು.”

“ಅದನೆಲ್ಲಾ ನನ್ನ ಮುಂದ ಹೇಳಬ್ಯಾಡ.”

“ಮತ್ತ ಯಾರ ಮುಂದ ಹೇಳ್ಲೋ? ನಿನ್ನ ಅವ್ವನ ಮುಂದ ಹೇಳ್ಲ್ಯಾ?”

ಚಂದಪ್ಪ ಲಾಠಿ ಎತ್ತಿದ. ನಾನು ಭಾಗವ್ವನನ್ನು ಹಿಂದಕ್ಕೆ ಎಳೆದೆ. ಅವಳ ಗಂಡ ಗುರುಲಿಂಗ ದಾಬೋಲಿಮ್ ಕಡೆ ಬೇರೆ ಕೆಲಸಕ್ಕೆ ಹೋಗಿದ್ದ. ಅವಳ ಪರವಾಗಿ ಜಗಳಕ್ಕೆ ನಿಲ್ಲುವವರು ಇರಲಿಲ್ಲ.

ಬಿಸಿಲು ಏರಿತು. ಒಳಗೆ ಕೂಸು ಅಳುವುದು ಗೋಡೆ ದಾಟಿ ಕೇಳುತ್ತಿತ್ತು. ಭಾಗವ್ವನ ಕುಪ್ಪಸ ಹಾಲಿನಿಂದ ಒದ್ದೆಯಾಯಿತು. ಚಂದಪ್ಪ ಅದನ್ನು ನೋಡಿ ಹಲ್ಲು ಕಿಸಿದ. ಕಡೆಗೆ ಮಂಗಿಬಾಯಿಯೇ ಕೂಸನ್ನು ಎತ್ತಿಕೊಂಡು ಗೇಟಿನ ಬಳಿ ಬಂದಳು. ಸರಳುಗಳ ನಡುವೆ ಕೂಸು ತೂರುವಷ್ಟು ಜಾಗವಿರಲಿಲ್ಲ. ಭಾಗವ್ವ ನೆಲಕ್ಕೆ ಕುಕ್ಕರಿಸಿ ಎದೆಯನ್ನು ಸರಳಿಗೆ ಒತ್ತಿಕೊಂಡಳು. ಮಂಗಿಬಾಯಿ ಆ ಕಡೆಯಿಂದ ಕೂಸಿನ ಬಾಯನ್ನು ಮೊಲೆಗೆ ಹಿಡಿದಳು. ಕಾದ ಕಬ್ಬಿಣ ಕೆನ್ನೆಗೆ ತಾಗಿದಾಗಲೆಲ್ಲ ಕೂಸು ಬಿಡುತ್ತಿತ್ತು, ಚೀರುತ್ತಿತ್ತು, ಮತ್ತೆ ಹುಡುಕುತ್ತಿತ್ತು.

ಬಾಡಿಗೆ ಸ್ಕೂಟರಿನ ಮೇಲೆ ಹೊರಟಿದ್ದ ಬಿಳಿಯ ಹೆಂಗಸೊಬ್ಬಳು ನಿಂತು ಫೋಟೋ ಹೊಡೆದಳು. ಅದು ಕಂಡದ್ದೇ ಕುಂಕಳೇಕರ ಆಫೀಸಿನಿಂದ ಓಡಿಬಂದ. ನಮ್ಮಂಥವರನ್ನು ಬೈದು ಬೈದು ಒಂದಿಷ್ಟು ಹರಕು ಕನ್ನಡ ಕಲಿತಿದ್ದ.

“ಏ, ಮುಚ್ಚು, ಮುಚ್ಚು! ಶರಮ್ ಇಲ್ಲ ನಿಮ್ಮ ಜಾತಿಗೆ? ಗೆಸ್ಟ್ ನೋಡ್ತಾನೆ!”

“ಗೇಟ್ ತಗೀರಿ, ಮುಚಗೋತೇನಿ.”

ಗೇಟು ತೆಗೆಸಲಿಲ್ಲ ಅವನು. ತಾಡಪತ್ರಿ ತರಿಸಿ ಗೇಟಿನ ಉದ್ದಕ್ಕೂ ಕಟ್ಟಿಸಿದ. ಚಂದಪ್ಪ ಕಟ್ಟುತ್ತ ಬಂದ. ಕೂಸಿನ ಬಾಯಿ ಎದೆಯಿಂದ ಕಿತ್ತುಬಂತು. ಬಿಳಿಯ ಹೆಂಗಸು ಇನ್ನೇನೂ ಕಾಣುವುದಿಲ್ಲವೆಂದು ಹೊರಟುಹೋದಳು.

ನಮ್ಮ ಗತಿ ಸಂಜೆಯವರೆಗೂ ಹಾಗೇ ಇರುತ್ತಿತ್ತು. ಆದರೆ ಅಷ್ಟರಲ್ಲಿ ಮುಂದಿನ ಗೇಟಿನಲ್ಲಿ ಇನ್ನೊಂದು ನಡೆಯಿತು. ಮಾಲೀಕನ ಮೈದುನ ದಿಲ್ಲಿಯಿಂದ ಹೇಳದೆ ಕೇಳದೆ ಬಂದಿಳಿದ. ಅಲ್ಲಿ ಕೂತಿದ್ದ ಹುಡುಗಿ ಅವನ ಹೆಸರು ಒತ್ತಿದಳು. ಚೀಟಿಯಲ್ಲಿ ಬಂತು: ‘ಘಾಂಟಿ, ಪ್ರವೇಶ ಇಲ್ಲ’. ಪಾಪ, ಅವಳು ಗೇಟಿನ ಅಡ್ಡಕಂಬಿ ಎತ್ತಲಿಲ್ಲ. ಊಟದ ಹೊತ್ತಿಗೆ ಅವಳ ಕೆಲಸ ಹೋಗಿತ್ತು, ಕುಂಕಳೇಕರನ ಮೋರೆ ಬಿಳುಚಿತ್ತು, ಕಂಪ್ಯೂಟರಿನ ಪ್ರೋಗ್ರಾಂ ಬರೆದುಕೊಟ್ಟ ಅನಿಲ ಮಾಪ್ಸಾದಿಂದ ಮೋಟರ್‌ಸೈಕಲ್ ಹಾರಿಸಿಕೊಂಡು ಬಂದಿದ್ದ.

ಅನಿಲ ಹುಬ್ಬಳ್ಳಿಯವನು. ಮ್ಯಾನೇಜರನ ಜೊತೆ ಕೊಂಕಣಿ, ಫೋನಿನಲ್ಲಿ ಇಂಗ್ಲಿಷು; ಕನ್ನಡವನ್ನು ಚಂದಪ್ಪನಂಥವರಿಗಷ್ಟೇ ಎತ್ತಿಟ್ಟಿದ್ದ. ಹಿಂದಿನ ಗೇಟಿನ ಗೂಡಿನಲ್ಲಿ ಕೂತು ಚಂದಪ್ಪನಿಗೆ ಕಲಿಸತೊಡಗಿದ. ತಾಡಪತ್ರಿಯ ಈ ಕಡೆ ಕೂತ ನಮಗೆ ಪ್ರತಿ ಮಾತೂ ಕೇಳುತ್ತಿತ್ತು.

“ಸರಿಯಾಗಿ ಕೇಳ, ಇನ್ನೊಮ್ಮೆ ಬರೂದಿಲ್ಲ ನಾ. ಇದರಾಗ ಹ್ಯಾಶ್ ಟೇಬಲ್ ಅಂತ ಐತಿ. ಹೆಸರ ಕೊಟ್ರ ಆ ಹೆಸರಿನ ಡಬ್ಬಿ ತಂದ ಕೊಡ್ತೈತಿ. ಡಬ್ಬ್ಯಾಗ ಇದ್ದದ್ದ ಚೀಟಿ ಮ್ಯಾಲೆ ಬರ್ತೈತಿ.”

“ಹೆಸರ ಇಲ್ಲದಿದ್ರರೀ?”

“ಇಲ್ಲದಿದ್ರ ಏನ ಕೊಡಬೇಕಂತ ನಾವ ಮೊದಲ ಹೇಳಿಟ್ಟಿರ್ತೀವಿ. ಅದಕ್ಕ ಡಿಫಾಲ್ಟ್ ಅಂತಾರ. ಘಾಂಟಿ ಅಂತ ಬರದು ಒಂದ ಡಬ್ಬಿ ಮಾಡಿಟ್ಟಿದ್ದೆ. ಹೆಸರ ಸಿಗದವ್ರಿಗೆಲ್ಲಾ ಅದು.”

“ಒಬ್ಬೊಬ್ರಿಗೆ ಒಂದೊಂದರೀ?”

“ಅಲ್ಲಲೇ ಕತ್ತಿ, ಎಲ್ಲಾರಿಗೂ ಕೂಡಿ ಒಂದ! ಅಲ್ಲೇ ನಾ ತಪ್ಪಿದೆ. ನೀ ಖೇಮಪ್ಪಂತ ಒತ್ತಿದಿ. ಆ ಹೆಸರ ಇರಲಿಲ್ಲ, ಡಿಫಾಲ್ಟ್ ಡಬ್ಬಿ ಬಂತು. ಅದರಾಗ ‘ಪ್ರವೇಶ ಇಲ್ಲ’ ಅಂತ ತುರುಕಿದಿ. ಆಮ್ಯಾಲೆ ಹೆಸರಿಲ್ಲದಾಂವ ಯಾವಾಂವ ಬಂದ್ರೂ ಅದ ಡಬ್ಬಿ ಬರ್ತೈತಿ, ನೀ ತುರುಕಿದ್ದೂ ಅದರ ಜೋಡಿ ಬರ್ತೈತಿ.”

ಭಾಗವ್ವ ತಾಡಪತ್ರಿಯ ಅಂಚು ಸರಿಸಿದಳು. “ನಮ್ಮ ಹೆಸರ ಯಾಕ ಹಾಕಿರಲಿಲ್ಲರೀ ಸಾಹೇಬ್ರ?”

ಅನಿಲ ತಲೆ ಎತ್ತಲಿಲ್ಲ. “ಇವತ್ತ ಇದ್ದು ನಾಳೆ ಹೋಗೋರ ಹೆಸರ ಯಾಂವ ಹಾಕ್ಕೋತ ಕುಂದ್ರತಾನ?”

ಕುಂಕಳೇಕರ ಕೊಂಕಣಿಯಲ್ಲಿ ರೇಗಿದ. ಆ ಪದವನ್ನು ಯಾಕೆ ಹಾಕಿದೆ, ದೊಡ್ಡವರ ಚೀಟಿಯಲ್ಲಿ ಅದು ಬರಬಹುದೇ ಎಂದು. ಇಷ್ಟು ವರ್ಷ ಇಲ್ಲಿ ದುಡಿದ ನಮಗೆ ಆ ಭಾಷೆ ತಿಳಿಯುವುದಿಲ್ಲ ಎಂದುಕೊಂಡಿದ್ದರು. ಅನಿಲ ನಕ್ಕ. “ಹೆಸರು ಸಿಗದವರು ಅಂದರೆ ಘಾಂಟಿಗಳಲ್ಲದೆ ಇನ್ಯಾರು ಅಂತ ನೀವೇ ಹೇಳಿದಿರಲ್ಲ ಸರ್.” ಕುಂಕಳೇಕರನೂ ನಕ್ಕ. ಅಷ್ಟರಲ್ಲಿ ಮಾಲೀಕನ ಫೋನು ಬಂತು, ನಗು ನಿಂತಿತು.

ಮಾಲೀಕನ ಹುಕುಂ ಪ್ರಕಾರ ಎಲ್ಲ ಬದಲಾಯಿತು. ಇನ್ನು ಮುಂದೆ ಹೆಸರು ಸಿಗದವರಿಗೆ ‘ಗೆಸ್ಟ್’ ಎಂದು ಬರಬೇಕು. ಒಬ್ಬೊಬ್ಬರಿಗೂ ಹೊಸ ಡಬ್ಬಿ, ಒಬ್ಬರದು ಇನ್ನೊಬ್ಬರಿಗೆ ತಾಗಬಾರದು. ಮುಂದಿನ ಗೇಟಿನವರು ತಲೆ ಓಡಿಸುವಂತಿಲ್ಲ. ಚೀಟಿಯಲ್ಲಿ ಗೆಸ್ಟ್ ಎಂದು ಬಂದರೆ ಕಂಬಿ ಎತ್ತಿ ಕೈ ಮುಗಿಯಬೇಕು. ಮತ್ತೆ, ನಮ್ಮ ಹೆಸರುಗಳನ್ನು ಒಂದೊಂದಾಗಿ ಒಳಗೆ ಹಾಕಬೇಕು.

ನಮ್ಮನ್ನು ಸಾಲಾಗಿ ನಿಲ್ಲಿಸಿದರು.

“ಹೆಸರ ಹೇಳ.”

“ಭಾಗವ್ವ ಗುರುಲಿಂಗ ಮಾದರ.”

“ಅಷ್ಟುದ್ದ ಯಾಂವ ಒತ್ತತಾನ? ಭಾಗಿ, ಸಾಕು.” ಚಂದಪ್ಪ ಒಂದೊಂದೇ ಗುಂಡಿ ಹುಡುಕಿ ಒತ್ತಿದ. ಅದರ ಮುಂದೆ ಏನು ಹಾಕಲಿ ಎಂದು ಮ್ಯಾನೇಜರನನ್ನು ನೋಡಿದ.

“ಘಾಂಟಿ ಹಾಕು. ಮತ್ತೇನು?”

ಮಂಗಿಬಾಯಿ ಮಂಗಿಯಾದಳು. ಖೇಮಪ್ಪ ಖೇಮ್ಯಾ ಆದ, ಅವನೊಬ್ಬನಿಗೇ ಕೆಂಪು. ನಿನ್ನೆಯವರೆಗೆ ಆ ಬೈಗುಳ ಹೆಸರಿಲ್ಲದ್ದಕ್ಕೆ ನಮಗೆ ಬೀಳುತ್ತಿತ್ತು. ಈಗ ಹೆಸರು ಕೇಳಿ, ಅದರ ಪಕ್ಕದಲ್ಲೇ ಕೂರಿಸಿದರು. “ಈಗ ಎಲ್ಲಾ ಬರೋಬ್ಬರಿ ಆತು,” ಎಂದು ಅನಿಲ ಹೆಲ್ಮೆಟ್ ಹಾಕಿಕೊಂಡ.

ಭಾಗವ್ವ ಒಳಗೆ ಓಡಿದಳು. ಅತ್ತು ಅತ್ತು ಕೂಸಿನ ದನಿ ಬಿದ್ದುಹೋಗಿತ್ತು, ಕೆನ್ನೆಯಲ್ಲಿ ಸರಳಿನ ಕೆಂಪು ಬರೆ. ಅವಳು ಕೂಸನ್ನು ಎದೆಗೆ ಹಚ್ಚಿಕೊಂಡು ಕೂತಳು.

ಮರುದಿನ ಬೆಳಗ್ಗೆ ಪಾಯಕ್ಕೆ ಕಾಂಕ್ರೀಟ್ ಹಾಕುತ್ತಿದ್ದೆವು. ಚಹಾದ ಹೊತ್ತಿಗೆ ಭಾಗವ್ವ ಬುಟ್ಟಿ ಬೋರಲು ಹಾಕಿ, ಕೂಸನ್ನು ಟೊಂಕಕ್ಕೇರಿಸಿಕೊಂಡು ಹಿಂದಿನ ಗೇಟಿನಿಂದ ಹೊರಬಿದ್ದು, ಗೋಡೆ ಸುತ್ತಿ ಸಮುದ್ರದ ಕಡೆ ನಡೆದಳು. ನಾನು ಬೆನ್ನಟ್ಟಿದೆ.

“ಎಲ್ಲಿಗೆ ಹೊಂಟಿಬೇ?”

“ಮುಂದಿನ ಗೇಟಿಗಿ.”

“ಹುಚ್ಚ ಹಿಡದೈತೇನ? ಹಲ್ಲ ಉದುರಸ್ತಾರ.”

“ಅವರ ಕಂಪ್ಯೂಟರಿನ್ಯಾಗ ಭಾಗಿ ಅನ್ನಾಕಿ ಅದಾಳ. ಭಾಗವ್ವ ಗುರುಲಿಂಗ ಮಾದರ ಅನ್ನಾಕಿ ಇಲ್ಲಲ್ಲ?”

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ತಿಳಿದಾಗ ನಾನೂ ಅವಳ ಜೊತೆ ಹೆಜ್ಜೆ ಹಾಕಿದೆ. ಗಟಾರದ ಪಕ್ಕ ಮಲಗಿದ್ದ ಖೇಮಪ್ಪ ಎದ್ದು ನಮ್ಮ ಹಿಂದೆ ಬಂದ. ಅವನ ಹಿಂದೆ ಇನ್ನೂ ಕೆಲವರು.

ಮುಂದಿನ ಗೇಟಿನಲ್ಲಿ ಹೊಸ ಹುಡುಗಿ ಕೂತಿದ್ದಳು. ಭಾಗವ್ವ ತನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು ಬಿಡಿಸಿ ಹೇಳಿದಳು. ಚೀಟಿ ಬಂತು. ಹುಡುಗಿ ಚೀಟಿ ನೋಡಿದಳು, ಹಸಿ ಸಿಮೆಂಟು ಮೆತ್ತಿದ ಪಾದ ನೋಡಿದಳು, ಮತ್ತೆ ಚೀಟಿ ನೋಡಿದಳು. ಹಿಂದಿನವಳ ಕೆಲಸ ಹೇಗೆ ಹೋಯಿತೆಂದು ಅವಳಿಗೆ ಗೊತ್ತಿತ್ತು. ಕಂಬಿ ಎತ್ತಿ ಕೈ ಮುಗಿದಳು.

“ವೆಲ್ಕಮ್, ಮ್ಯಾಡಮ್.”

ಗಾಜಿನ ಆಚೆ ಎಲ್ಲ ಕಾಣುತ್ತಿತ್ತು. ಭಾಗವ್ವ ಬಿಳಿ ಸೋಫಾದ ನಟ್ಟನಡುವೆ ಕೂತಳು. ಕಾಲು ಮಡಚಿ ಮೇಲಿಟ್ಟುಕೊಂಡಳು. ಕುಂಕಳೇಕರ ಒಳಗಿನಿಂದ ನುಗ್ಗಿ ಬಂದು ಅವಳ ರಟ್ಟೆ ಹಿಡಿದು ಎಳೆದ. ಅವಳು ಒಂದು ಕೈಯಲ್ಲಿ ಕೂಸನ್ನು ಅವಚಿಕೊಂಡು ಇನ್ನೊಂದರಿಂದ ಸೋಫಾದ ತೋಳು ಹಿಡಿದಳು. ಅವನು ಜಗ್ಗಿದಷ್ಟೂ ಸೋಫಾವೇ ಅವಳ ಜೊತೆ ಸರಿಯಿತು. ತಿಂಡಿ ತಿನ್ನುತ್ತಿದ್ದ ಗಿರಾಕಿಗಳು ಎದ್ದು ನಿಂತರು.

ಇತ್ತ ಖೇಮಪ್ಪ ಕಂಪ್ಯೂಟರಿನ ಮುಂದೆ ಬಂದ.

“ಖೇಮಪ್ಪ ಧರ್ಮಪ್ಪ ರಾಠೋಡ.”

ಗೆಸ್ಟ್. ಕಂಬಿ ಮೇಲೆದ್ದಿತು. ಖೇಮಪ್ಪ ಓಡಲಿಲ್ಲ. ಎದೆ ಸೆಟೆಸಿ, ಕುಂಕಳೇಕರನ ಕಡೆ ನೆಟ್ಟಗೆ ನಡೆದ.

ಹಿಂದಿನ ಗೇಟಿನಿಂದ ಸೀಟಿ ಊದುತ್ತ, ಲಾಠಿ ಹಿಡಿದವರು ಗೋಡೆ ಸುತ್ತಿ ಓಡಿಬರುವುದು ಕೇಳಿಸಿತು. ಹುಡುಗಿ ಗುಂಡಿಗಳ ಮೇಲೆ ಬೆರಳಿಟ್ಟಳು. “ನಾಮ್?” ಎಂದು ನನ್ನನ್ನು ಕೇಳಿದಳು.

“ನಂದಾ ಭರಮಪ್ಪ ಚಲವಾದಿ,” ಅಂದೆ. “ಚಲವಾದಿ ಅನ್ನೂದನ್ನೂ ಹಾಕ. ಪೂರಾ ಹಾಕ.”