ಹೋದ ವರ್ಷದ ಲಾಭ

ತಂಗಿ ಒಳಗೆ ಬಂದವಳೇ ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಮಕ್ಕಳ ಅಂಗಿ ಹರಡಿದಳು. ಹೊಲಿಗೆಯವಳು, ಸುಕ್ಕು ಕಂಡರೆ ಅವಳಿಗೆ ಆಗದು.

"ಅಕ್ಕ, ಆ ಸರ್ಕಾರಿ ಬಾಂಡ್ ಫಂಡಿಗೆ ಇನ್ನಷ್ಟು ಹಾಕ್ಲಾ?"

ನನಗೆ ತಲೆ ಎತ್ತಲಾಗಲಿಲ್ಲ. "ಸರ್ಕಾರದ್ದು, ಕಣ್ಣು ಮುಚ್ಚಿ ಹಾಕು" ಎಂದು ಹೋದ ಸಲ ಹೇಳಿದವಳು ನಾನೇ. ಬಡ್ಡಿದರ ಇಳಿದೂ ಇಳಿದೂ, ಹೆಚ್ಚು ಬಡ್ಡಿ ಕೊಡುವ ಹಳೆಯ ಬಾಂಡುಗಳ ಬೆಲೆ ಏರಿತ್ತು. ಆ ಲಾಭ ನೋಡಿ ಮರುಳಾಗಿ, ಬೆಲೆ ತುದಿಯಲ್ಲಿದ್ದಾಗ ಕೊಡಿಸಿದ್ದೆ. ಆಮೇಲೆ ಬಡ್ಡಿದರ ಏರಿ, ಬಾಂಡುಗಳ ಬೆಲೆ ಕುಸಿಯಿತು. ಸೂಜಿಗೆ ದಾರ ಪೋಣಿಸಲಾಗದ ಕಾಲಕ್ಕೆಂದು ಅವಳು ಕೂಡಿಟ್ಟಿದ್ದರಲ್ಲಿ ಕಾಲುಭಾಗ ಕರಗಿತು.

"ಬೇಡ ಕಣೇ" ಎಂದೆ.

"ಯಾಕೆ? ಈಗ ಅಗ್ಗ ಆಗಿರ್ಬೇಕಲ್ಲ?"

ಆಗಿತ್ತು. ಇವತ್ತು ಕೊಂಡರೆ ಬರುವ ಬಡ್ಡಿಯಲ್ಲಿ ಹಣದುಬ್ಬರ ಕಳೆದರೂ ಕೈಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಅದು ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಿಕೊಳ್ಳಲು ಬೇಡವೆಂದಿದ್ದೆ. ಈ ಸಲವೂ ನಷ್ಟ ಅವಳಿಗೇ ಆಗುತ್ತಿತ್ತು.

"ಅಗ್ಗ ಆಗಿದೆ" ಎಂದೆ ಕೊನೆಗೆ. "ಇನ್ನೂ ಇಳೀಬಹುದು, ಅದಕ್ಕೇ ಸ್ವಲ್ಪ ಸ್ವಲ್ಪ ಹಾಕು. ಹತ್ತು ವರ್ಷ ಮುಟ್ಟಬೇಡ. ಅವತ್ತು ನಾನು ಹೋದ ವರ್ಷದ ಲಾಭ ನೋಡ್ದೆ, ಮುಂದೆ ಬರೋ ಬಡ್ಡಿ ನೋಡ್ಲೇ ಇಲ್ಲ. ತಪ್ಪು ನಂದೇ."

ಅವಳು ಕಾಲರ್ ತಿರುವಿ ಒತ್ತಿದಳು. "ಬಟ್ಟೆ ಅಂಗಡೀಲಿ ಇವತ್ತಿನ ಬೆಲೆ ಕೇಳಿ ಕೇಳಿ ಅವನ ಪ್ರಾಣ ಹಿಂಡ್ತೀಯ. ಇಲ್ಲಿ ಮಾತ್ರ ಹೋದ ವರ್ಷದ್ದು ಕೇಳಿದ್ಯಾ, ಮಹಾತಾಯಿ?"

ನಗಲು ಹೋದೆ, ಆಗಲಿಲ್ಲ. ಅವಳು ಬೆಚ್ಚಗಿನ ಅಂಗಿಯನ್ನು ನನ್ನ ಮಡಿಲಿಗೆ ಹಾಕಿ, "ಮಡಚು, ಇನ್ನೂ ರಾಶಿ ಇದೆ" ಎಂದಳು.