ಅಕ್ಕನ ಖಾತೆ

ಹೆಸರಿಗೆ ಅದು ಪುಸ್ತಕ ಹೊಲಿಯುವ ಅಂಗಡಿ. ಅಕ್ಕ ಇದ್ದಷ್ಟು ದಿನ ಅಲ್ಲಿ ಹೊಲಿಗೆಗಿಂತ ಮಾತೇ ಜಾಸ್ತಿ. ಬಂದವರ ತಲೆ ತಿಂದು ಮಿಕ್ಕಿದ್ದನ್ನು ಅವಳು ಅಂಗಡಿಯ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು. ಆ ಸೈಟನ್ನು ಕಟ್ಟಿದವಳು ತಂಗಿ; ಹೊಲಿಗೆಯ ಬಗ್ಗೆ ಅವಳೂ ಆಗಾಗ ಅದರಲ್ಲಿ ಬರೆಯುತ್ತಿದ್ದಳು. ಅದಕ್ಕೆ ಬಳಸಿದ್ದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ಬಿಚ್ಚಿ ನೋಡಿ, ರಿಪೇರಿ ಮಾಡಿಕೊಳ್ಳಬಹುದಾದ ತಂತ್ರಾಂಶ. ಬಿಚ್ಚಿ ಹೊಲಿಯುವುದೇ ಕಸುಬಾಗಿದ್ದ ತಂಗಿಗೆ ಹೇಳಿ ಮಾಡಿಸಿದಂತಿತ್ತು. ಅವಳಿಗೀಗ ಐವತ್ತೆಂಟು. ಅಕ್ಕ ಹೋಗಿ ಎಂಟು ತಿಂಗಳಾದರೂ ಗಿರಾಕಿಗಳ ಬಾಯಲ್ಲಿ ಅವಳಿನ್ನೂ ತಂಗಿಯೇ.

ಒಂದು ದಿನ ಸೈಟು ಏನೋ ಎಚ್ಚರಿಕೆ ತೋರಿಸಿತು. ಆ ತಂತ್ರಾಂಶ ಬಳಸುವವರೆಲ್ಲ ಸೇರುವ ಫೋರಂನಲ್ಲಿ ಕೇಳಿದಳು. ಅಲ್ಲೊಬ್ಬ ನಿವೃತ್ತ ಮೇಷ್ಟ್ರು, ಸಂಬಳವಿಲ್ಲದೆ ಕಂಡವರಿಗೆಲ್ಲ ಉತ್ತರ ಹೇಳುವ ಪುಣ್ಯಾತ್ಮ, ಬರೆದರು: "ಯಾರೂ ಬಳಸದ ಖಾತೆ ಇದ್ರೆ ಭದ್ರ ಮಾಡಿ. ಕಳ್ಳರು ನುಗ್ಗೋದೇ ಅಲ್ಲಿಂದ."

ತಂಗಿ ಹಿಂದುಮುಂದು ನೋಡದೆ ಅಕ್ಕನ ಖಾತೆಯನ್ನೇ ಅಳಿಸಲು ಹೊರಟಳು. ಪರದೆ ಕೇಳಿತು: ಈ ಬಳಕೆದಾರರ ಬರಹಗಳನ್ನೆಲ್ಲ ಅಳಿಸಬೇಕೆ, ಬೇರೆಯವರ ಹೆಸರಿಗೆ ವರ್ಗಾಯಿಸಬೇಕೆ? ಪಟ್ಟಿಯಲ್ಲಿ ಉಳಿದಿದ್ದು ಒಂದೇ ಹೆಸರು, ತನ್ನದು. ಒತ್ತಿದಳು.

ಮೂರು ದಿನ ಬಿಟ್ಟು ಹಳೆಯ ಬರಹವೊಂದನ್ನು ತೆರೆದಳು. "ನನ್ನ ತಂಗಿ ಮಾತಾಡಿದ್ರೆ ಮುತ್ತು ಉದುರುತ್ತೆ ಅನ್ನೋ ಹಾಗಿರ್ತಾಳೆ. ಆದ್ರೆ ಅವಳು ಹೊಲಿದ ಪುಸ್ತಕ ನೀರಿಗೆ ಬಿದ್ರೂ ಬಿಚ್ಚಲ್ಲ." ಕೆಳಗೆ ಬರೆದವರ ಹೆಸರು: ತಂಗಿಯದ್ದೇ. ಬೇರೆ ಬರಹಗಳನ್ನೂ ತೆರೆದು ನೋಡಿದಳು. ಅಕ್ಕನ ಹೆಸರು ಇಡೀ ಸೈಟಿನಲ್ಲಿ ಎಲ್ಲೂ ಇರಲಿಲ್ಲ. ತಾನೇ ಕೈಯಾರೆ ಅಳಿಸಿದ್ದಳು.

"ಅಯ್ಯೋ, ಪಾಸ್‌ವರ್ಡ್ ಬದಲಿಸಿದ್ರೆ ಸಾಕಿತ್ತಲ್ಲಮ್ಮ," ಎಂದು ಮೇಷ್ಟ್ರು ಬರೆದರು. "ಬ್ಯಾಕಪ್ ಇದೆಯಾ?"

ಇತ್ತು. ಆದರೆ ದಿನದಿನವೂ ಹಳೆಯದರ ಮೇಲೆಯೇ ಹೊಸದನ್ನು ಬರೆಯುವಂತೆ ಅವಳೇ ಇಟ್ಟಿದ್ದಳು, ಜಾಗ ಉಳಿಸಲು. ಜಾಣತನವೆಂದರೆ ಇದು!

"ಹಾಗಾದ್ರೆ ಅಕ್ಕನ ಹೆಸರಲ್ಲಿ ಹೊಸ ಖಾತೆ ತೆರೆದು, ಅವರದ್ದನ್ನ ಅವರಿಗೆ ವಾಪಸ್ ಕೊಡಿ. ಈಗ ಇಬ್ಬರ ಬರಹಗಳೂ ಕಲಸಿಹೋಗಿವೆ. ಯಾವುದು ಯಾರದ್ದು ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ನೀವೇ ಓದಬೇಕು."

ನಾನೂರ ಹನ್ನೆರಡು ಬರಹ. ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದತೊಡಗಿದಳು. ಅಂಟು ಎಷ್ಟು, ರಟ್ಟು ಎಷ್ಟು ದಪ್ಪ ಎಂದಿದ್ದರೆ ತನ್ನದು. ಗಿರಾಕಿಯ ಮೂಗಿನ ವರ್ಣನೆಯಿದ್ದರೆ ಅಕ್ಕನದು. ಒಂದು ಕಡೆ ನಗು ತಡೆಯಲಾಗದೆ, ಅಕ್ಕನಿಗೆ ತೋರಿಸೋಣವೆಂದು ಪಕ್ಕಕ್ಕೆ ತಿರುಗಿದಳು. ಅಕ್ಕನ ಕುರ್ಚಿಯ ಮೇಲೆ ರಟ್ಟಿನ ರಾಶಿ. ಅಕ್ಕ ಹೋದ ದಿನವೂ ಅಳದಿದ್ದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು.

ಹತ್ತೊಂಬತ್ತನೆಯ ದಿನ ಒಂದೇ ಬರಹ ಉಳಿಯಿತು. ಎರಡೇ ಸಾಲು. "ಕೊನೆಯ ಗಂಟು ಹಾಕುವಾಗ ಇನ್ನೊಬ್ಬರು ದಾರದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಬೇಕು. ನಾವು ಇಬ್ಬರಿದ್ದೇವೆ, ಚಿಂತೆಯಿಲ್ಲ."

ತಮಾಷೆಯಿಲ್ಲ, ಅಳತೆಯಿಲ್ಲ. ಐದು ಸಲ ಓದಿದಳು. ಯಾರು ಬೇಕಾದರೂ ಬರೆದಿರಬಹುದು. ತನ್ನ ಹೆಸರಿನಲ್ಲೇ ಬಿಡೋಣವೆಂದರೆ ಮನಸ್ಸು ಬರಲಿಲ್ಲ. ಇಬ್ಬರಿದ್ದೇವೆ ಎಂದು ತಾನು ಈಗ ಯಾವ ಬಾಯಲ್ಲಿ ಹೇಳುವುದು? ಅಕ್ಕನ ಹೆಸರು ಒತ್ತಿದಳು.

ಕಂಪ್ಯೂಟರ್ ಮುಚ್ಚಿ, ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಪುಸ್ತಕವನ್ನು ಎಳೆದುಕೊಂಡಳು. ಕೊನೆಯ ಗಂಟಿಗೆ ಬಂದಾಗ ದಾರ ಬಿಗಿ ಮಾಡಿ, ತಲೆಯೆತ್ತದೆಯೇ ಹೇಳಿದಳು: "ಅಕ್ಕಾ, ಬೆರಳಿಡು."